ಒಂದೇ ಮುಖದಲ್ಲಿ ಜಿಡ್ಡೂ ಒಣಚರ್ಮವೂ ಇದ್ದರೆ ಯಾವ ಫೇಸ್ ಮಾಸ್ಕ್ ಹಚ್ಚಬೇಕು?

ಬಿಳಿಹಾಳೆ ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನನ್ನ ಹಣೆ, ಮೂಗು ಮತ್ತು ಗದ್ದದ ಮೇಲೆ ಮಧ್ಯಾಹ್ನದ ಹೊತ್ತಿಗೆ ಜಿಡ್ಡು ಹೊಳೆಯತೊಡಗುತ್ತದೆ. ಅದೇ ಹೊತ್ತಿನಲ್ಲಿ ಕೆನ್ನೆಗಳು ಬಿಗಿದುಕೊಂಡು, ನಕ್ಕರೆ ಬಿರಿಯುತ್ತವೆಯೇನೋ ಎನ್ನುವಷ್ಟು ಒಣಗಿರುತ್ತವೆ. ಎಣ್ಣೆ ಚರ್ಮಕ್ಕೆ ಎಂದು ಬರೆದಿರುವ ಜೇಡಿಮಣ್ಣಿನ ಮಾಸ್ಕ್ ಹಚ್ಚಿದರೆ ಮೂಗಿಗೆ ಹಿತವೆನಿಸುತ್ತದೆ, ಕೆನ್ನೆ ಉರಿಯುತ್ತದೆ. ಒಣ ಚರ್ಮಕ್ಕೆ ಎಂದು ಬರೆದಿರುವ ಕ್ರೀಮಿನಂಥ ಮಾಸ್ಕ್ ಹಚ್ಚಿದರೆ ಕೆನ್ನೆ ಮೆತ್ತಗಾಗುತ್ತದೆ, ಆದರೆ ಹಣೆಯ ಮೇಲೆ ಸಣ್ಣ ಗುಳ್ಳೆಗಳು ಏಳುತ್ತವೆ. ಹೀಗಿರುವಾಗ ನನ್ನದು ಯಾವ ಬಗೆಯ ಚರ್ಮವೆಂದು ತಿಳಿದು ಕೊಳ್ಳಬೇಕು?

ಮನೆಯಲ್ಲಿ ಇನ್ನಿಬ್ಬರಿಗೂ ಇಂಥದೇ ಗೊಂದಲವಿದೆ. ತಮ್ಮನಿಗೆ ಮೊಡವೆಗಳು, ಅವು ಹೋದ ಮೇಲೂ ಉಳಿಯುವ ಕಂದು ಕಲೆಗಳು. ಅಮ್ಮನಿಗೆ ಐವತ್ತು ದಾಟಿದ ಮೇಲೆ ಚರ್ಮ ತೀರ ಒಣಗಿದೆ. ಮೂವರೂ ಒಂದೇ ಡಬ್ಬಿಯನ್ನು ಬಳಸುವುದು ಆಗದ ಮಾತು ಎಂಬುದಷ್ಟು ಅರ್ಥವಾಗಿದೆ. ಯಾವುದನ್ನು, ಎಷ್ಟು ಹೊತ್ತು, ವಾರಕ್ಕೆ ಎಷ್ಟು ಸಲ ಹಚ್ಚಬೇಕೆಂಬುದನ್ನು ಕಾರಣಸಹಿತವಾಗಿ ತಿಳಿಸಿದರೆ ಉಪಕಾರವಾಗುತ್ತದೆ. ಚರ್ಮದೊಳಗಿನ ವಿಷವನ್ನು ಮಾಸ್ಕ್ ಹೀರಿ ತೆಗೆಯುತ್ತದೆ ಎನ್ನುವ ಮಾತು ನಿಜವೇ ಎಂಬುದನ್ನೂ ತಿಳಿಯುವ ಆಸೆ.

ಅಳತೆಗೋಲು ಬರೆದ ಉತ್ತರ:

ಕೊನೆಯ ಪ್ರಶ್ನೆಗೆ ಉತ್ತರ ಚಿಕ್ಕದಾದ್ದರಿಂದ ಅದನ್ನು ಮೊದಲು ಮುಗಿಸುತ್ತೇನೆ. ರಕ್ತದಲ್ಲಿನ ಬೇಡದ ವಸ್ತುಗಳನ್ನು ಹೊರಹಾಕುವುದು ಯಕೃತ್ತು ಮತ್ತು ಮೂತ್ರಪಿಂಡಗಳ ಕೆಲಸ. ಜೇಡಿಮಣ್ಣು ಹೀರಿಕೊಳ್ಳುವುದು ಚರ್ಮದ ಮೇಲ್ಮೈಯಲ್ಲಿರುವ ಜಿಡ್ಡನ್ನು ಮಾತ್ರ, ಅದರೊಂದಿಗೆ ಒಂದಿಷ್ಟು ಕೊಳೆಯನ್ನು. ವಿಷ ತೆಗೆಯುತ್ತದೆ ಎನ್ನುವುದು ಜಾಹೀರಾತಿನ ಮಾತು.

ಇನ್ನು ನಿಮ್ಮ ಚರ್ಮದ ವಿಚಾರ. ಮುಖಕ್ಕೆಲ್ಲ ಒಂದೇ ಬಗೆಯ ಚರ್ಮವಿರುತ್ತದೆ ಎಂದು ಪೊಟ್ಟಣದ ಮೇಲಿನ ಬರಹ ಭಾವಿಸಿಕೊಂಡಿರುತ್ತದೆ. ಆದರೆ ಜಿಡ್ಡಿನ ಗ್ರಂಥಿಗಳು ಹಣೆ, ಮೂಗು, ಗದ್ದಗಳಲ್ಲಿ ದಟ್ಟವಾಗಿಯೂ ಕೆನ್ನೆಯ ಹೊರಬದಿಯಲ್ಲಿ ವಿರಳವಾಗಿಯೂ ಇರುವುದರಿಂದ ನೀವು ವಿವರಿಸಿದ ಸ್ಥಿತಿ ಬಹಳ ಸಾಮಾನ್ಯವಾದದ್ದು, ಅದನ್ನು ಮಿಶ್ರ ಚರ್ಮವೆಂದು ಕರೆಯುತ್ತಾರೆ. ಖಚಿತಪಡಿಸಿಕೊಳ್ಳಬೇಕೆಂದರೆ ಸೌಮ್ಯವಾದ ಫೇಸ್ ವಾಶ್‌ನಿಂದ ಮುಖ ತೊಳೆದು, ಏನನ್ನೂ ಹಚ್ಚದೆ ಒಂದು ಗಂಟೆ ಬಿಟ್ಟು, ಬಳಿಕ ತೆಳುವಾದ ಕಾಗದವನ್ನು ಬೇರೆ ಬೇರೆ ಜಾಗಗಳಿಗೆ ಒತ್ತಿ ನೋಡಿ. ಕಾಗದಕ್ಕೆ ಜಿಡ್ಡು ಅಂಟುವ ಜಾಗಕ್ಕೆ ಒಂದು ಮಾಸ್ಕ್, ಬಿಗಿಯೆನಿಸುವ ಜಾಗಕ್ಕೆ ಇನ್ನೊಂದು. ಎರಡನ್ನೂ ಒಂದೇ ಹೊತ್ತಿನಲ್ಲಿ ಹಚ್ಚಿಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ನನ್ನ ಅಭಿಪ್ರಾಯದಲ್ಲಿ ನಿಮ್ಮಂಥವರು ಮಾಡಬೇಕಾದದ್ದೂ ಅದನ್ನೇ.

ಕಾರಣಸಹಿತವಾಗಿ ಎಂದು ಕೇಳಿದ್ದೀರಿ, ಹಾಗಾಗಿ ಸ್ವಲ್ಪ ವಿಸ್ತರಿಸುತ್ತೇನೆ. ಚರ್ಮದ ಅತಿ ಮೇಲಿನ ಪದರ ಮುಖದ ಮೇಲೆ ಒಂದು ಮಿಲಿಮೀಟರಿನ ನೂರನೆಯ ಭಾಗದ ಆಸುಪಾಸಿನಷ್ಟು ತೆಳುವಾದದ್ದು. ಅದರಲ್ಲಿ ಸತ್ತು ಚಪ್ಪಟೆಯಾದ ಜೀವಕೋಶಗಳು ಇಟ್ಟಿಗೆಗಳಂತೆ ಜೋಡಿಸಿಕೊಂಡಿದ್ದು, ಅವುಗಳ ನಡುವೆ ಸೆರಮೈಡ್ ಎಂಬ ಕೊಬ್ಬು, ಕೊಲೆಸ್ಟ್ರಾಲ್ ಮತ್ತು ಕೊಬ್ಬಿನಾಮ್ಲಗಳು ಗಾರೆಯಂತೆ ತುಂಬಿರುತ್ತವೆ. ಒಳಗಿನ ನೀರು ಆವಿಯಾಗಿ ಹೋಗದಂತೆ ತಡೆಯುವುದೂ ಹೊರಗಿನ ವಸ್ತುಗಳನ್ನು ಒಳಗೆ ಬಿಡದಿರುವುದೂ ಈ ಪದರದ ಕೆಲಸ. ಸಾಮಾನ್ಯವಾಗಿ 500 ಡಾಲ್ಟನ್‌ಗಿಂತ (ಇದು ಅಣುವಿನ ತೂಕದ ಅಳತೆ) ದೊಡ್ಡ ಅಣುಗಳು ಆರೋಗ್ಯವಂತ ಚರ್ಮದ ಈ ತಡೆಯನ್ನು ದಾಟಲಾರವು ಎಂಬುದೊಂದು ಸ್ಥೂಲ ನಿಯಮ. ಆದ್ದರಿಂದ ಹತ್ತಿಪ್ಪತ್ತು ನಿಮಿಷ ಮುಖದ ಮೇಲಿದ್ದು ಹೋಗುವ ಮಾಸ್ಕ್ ಮಾಡಬಲ್ಲ ಕೆಲಸಗಳು ನಾಲ್ಕೇ: ಮೇಲಿನ ಜಿಡ್ಡನ್ನು ಹೀರುವುದು, ಮೇಲಿನ ಪದರಕ್ಕೆ ನೀರು ತುಂಬುವುದು, ಸತ್ತ ಕೋಶಗಳ ಬೆಸುಗೆಯನ್ನು ಸಡಿಲಿಸುವುದು, ಇರುವ ನೀರು ಆರದಂತೆ ಮುಚ್ಚಿಡುವುದು. ಮಾರುಕಟ್ಟೆಯಲ್ಲಿ ಎಷ್ಟೇ ಹೆಸರುಗಳಿದ್ದರೂ ಪ್ರತಿಯೊಂದು ಮಾಸ್ಕೂ ಇವುಗಳಲ್ಲಿ ಒಂದನ್ನೋ ಎರಡನ್ನೋ ಮಾಡುತ್ತದೆ. ನಿಮಗೆ ಇವತ್ತು ಯಾವ ಕೆಲಸ ಬೇಕಾಗಿದೆ ಎಂದು ಕೇಳಿಕೊಂಡರೆ ಆಯ್ಕೆ ಸುಲಭವಾಗುತ್ತದೆ.

ಜಿಡ್ಡು ಹೀರುವವುಗಳಲ್ಲಿ ಕೇಯೋಲಿನ್ ಎಂಬ ಜೇಡಿಮಣ್ಣು ಸೌಮ್ಯವಾದದ್ದು. ಬೆಂಟೊನೈಟ್ ನೀರಿನಲ್ಲಿ ಉಬ್ಬುವ ಮಣ್ಣಾಗಿದ್ದು ಹೆಚ್ಚು ಬಲವಾಗಿ ಹೀರುತ್ತದೆ. ನಿಮ್ಮ ಮೂಗಿಗೂ ಹಣೆಗೂ ಇವೆರಡರಲ್ಲಿ ಯಾವುದಾದರೂ ಆಗಬಹುದು, ಆದರೆ ಬಹಳ ಮಂದಿ ಜೇಡಿಮಣ್ಣಿನ ಮಾಸ್ಕನ್ನು ಅದು ಬಿರುಕು ಬಿಡುವವರೆಗೂ ಒಣಗಿಸುತ್ತಾರೆ. ಬಿರುಕು ಬಿಟ್ಟರೆ ಚೆನ್ನಾಗಿ ಹೀರಿದೆ ಎಂದರ್ಥವಲ್ಲ. ಅಷ್ಟು ಹೊತ್ತಿಗೆ ಚರ್ಮ ಬಿಗಿದು, ಒಣಗಿ, ಕೆಲವರಿಗೆ ಕೆಂಪಾಗಿಯೂ ಇರುತ್ತದೆ. ಅಂಚುಗಳು ಒಣಗಿ ಬಣ್ಣ ತಿಳಿಯಾಗುತ್ತಿರುವಾಗ, ಮುಟ್ಟಿದರೆ ಇನ್ನೂ ತುಸು ತಂಪು ಹತ್ತುವಾಗ, ಅಂದರೆ ಸುಮಾರು 10 ನಿಮಿಷಕ್ಕೆ, ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ತೊಳೆದುಬಿಡಿ. ವಾರಕ್ಕೆ ಒಂದು ಸಲ, ಸೆಕೆಗಾಲದಲ್ಲಿ ಎರಡು ಸಲ ಸಾಕು.

ಕೆನ್ನೆಗೆ ಬೇಕಾದದ್ದು ನೀರು ಮತ್ತು ಅದನ್ನು ಹಿಡಿದಿಡುವ ವಸ್ತುಗಳು. ಪದಾರ್ಥಗಳ ಪಟ್ಟಿಯಲ್ಲಿ ಗ್ಲಿಸರಿನ್, ಹೈಲುರಾನಿಕ್ ಆಮ್ಲ, ಪ್ಯಾಂಥೆನಾಲ್, ಸೆರಮೈಡ್, ಸ್ಕ್ವಾಲೇನ್ ಮುಂತಾದವು ಇವೆಯೇ ನೋಡಿ. ಆಮ್ಲವೆಂಬ ಹೆಸರಿದ್ದರೂ ಹೈಲುರಾನಿಕ್ ಆಮ್ಲ ಚರ್ಮವನ್ನು ಸುಲಿಯುವುದಿಲ್ಲ, ನೀರನ್ನು ಹಿಡಿದಿಡುತ್ತದೆ. ಪಟ್ಟಿಯಲ್ಲಿ ಹೆಚ್ಚು ಪ್ರಮಾಣದ್ದು ಮೊದಲು ಬರುತ್ತದೆ, ಆದರೆ ಶೇಕಡಾ 1ಕ್ಕಿಂತ ಕಡಿಮೆ ಇರುವವನ್ನು ಯಾವ ಅನುಕ್ರಮದಲ್ಲಾದರೂ ಬರೆಯಬಹುದು. ಆದ್ದರಿಂದ ಮುಂಬದಿಯಲ್ಲಿ ದೊಡ್ಡದಾಗಿ ಮೆರೆಯುವ ಪದಾರ್ಥ ಹಿಂಬದಿಯ ಪಟ್ಟಿಯ ಬಾಲದಲ್ಲಿದ್ದರೆ ಅದನ್ನು ನೆಚ್ಚಿ ಕೊಳ್ಳಬೇಡಿ. ಇಂಥ ಮಾಸ್ಕನ್ನು ವಾರಕ್ಕೆ ಎರಡು ಮೂರು ಸಲ ಹಚ್ಚಬಹುದು. ತೊಳೆದ ಮೇಲೆ ಚರ್ಮ ಇನ್ನೂ ತೇವವಾಗಿರುವಾಗಲೇ ಮಾಯಿಶ್ಚರೈಸರ್ ಹಚ್ಚದಿದ್ದರೆ ಸೇರಿದ ನೀರು ಸ್ವಲ್ಪ ಹೊತ್ತಿನಲ್ಲೇ ಆರಿಹೋಗುತ್ತದೆ.

ನಿಧಾನಿ ಬರೆದ ಉತ್ತರ:

ಕೆನ್ನೆ ಉರಿಯುತ್ತದೆ ಎಂಬ ಮಾತನ್ನು ಮೇಲಿನವರು ಒಣಚರ್ಮದ ಲೆಕ್ಕಕ್ಕೆ ಹಾಕಿದರು. ಇರಬಹುದು. ಆದರೆ ನನಗೆ ರೋಸೇಶಿಯಾ ಎಂಬ, ಮುಖ ಕೆಂಪೇರುವ ಚರ್ಮರೋಗ ಇರುವುದರಿಂದ ಉರಿಯನ್ನು ಅಷ್ಟು ಬೇಗ ಒಣಚರ್ಮವೆಂದು ಒಪ್ಪಿಕೊಳ್ಳಲು ಮನಸ್ಸು ಬರುವುದಿಲ್ಲ. ಕೆನ್ನೆ ಮತ್ತು ಮೂಗಿನ ನಡುಭಾಗ ಪದೇಪದೇ ಕೆಂಪಾಗಿ ಬಿಸಿಯೇರುವುದು, ಸಣ್ಣ ರಕ್ತನಾಳಗಳು ಕಾಣಿಸುವುದು, ಬಿಸಿಲಿಗೆ ಅಥವಾ ಖಾರಕ್ಕೆ ಮುಖ ಕೆಂಪೇರುವುದು ಇವೆಲ್ಲ ಇದ್ದರೆ ಮಾಸ್ಕ್ ಕೊಳ್ಳುವ ಮೊದಲು ಚರ್ಮರೋಗ ತಜ್ಞರನ್ನು ಕಾಣಬೇಕು. ಗಾಢ ಬಣ್ಣದ ಚರ್ಮದಲ್ಲಿ ಕೆಂಪು ಎದ್ದು ಕಾಣದಿರುವುದರಿಂದ ಬಿಸಿ, ಚುಚ್ಚುವಿಕೆ ಮತ್ತು ಉರಿಯೇ ಹೆಚ್ಚು ನಂಬತಕ್ಕ ಸೂಚನೆಗಳು. ಚರ್ಮ ಒಡೆದು ರಸ ಒಸರುತ್ತಿರುವಾಗ, ಇಸಬು ಉಲ್ಬಣಿಸಿರುವಾಗ, ಬಿಸಿಲಿನಿಂದ ಸುಟ್ಟಿರುವಾಗ ಯಾವ ಮಾಸ್ಕನ್ನೂ ಹಚ್ಚಬಾರದು.

ಸೂಕ್ಷ್ಮ ಚರ್ಮದವರು ಪಟ್ಟಿಯಲ್ಲಿ ಏನಿದೆ ಎಂಬುದಕ್ಕಿಂತ ಏನಿಲ್ಲ ಎಂಬುದನ್ನು ನೋಡಬೇಕು. ಸುಗಂಧ, ಮೆಂಥಾಲ್, ಕರ್ಪೂರ, ನೀಲಗಿರಿ ಎಣ್ಣೆ, ಬೇಗ ಆವಿಯಾಗುವ ಆಲ್ಕೋಹಾಲ್ ಇವು ಇಲ್ಲದ್ದನ್ನು ಆರಿಸಿ. ಮೆಂಥಾಲ್ ಹಚ್ಚಿದಾಗ ತಂಪೆನಿಸುವುದು ನರಗಳಿಗೆ ಆಗುವ ಭ್ರಮೆಯಷ್ಟೇ; ಚರ್ಮದ ಉರಿಯೂತ ಅದರಿಂದ ಕಡಿಮೆಯಾಗುವುದಿಲ್ಲ. ವಾಸನೆಯಿಲ್ಲ ಎಂದು ಬರೆದಿರುವುದಕ್ಕೂ ಸುಗಂಧ ಸೇರಿಸಿಲ್ಲ ಎಂದು ಬರೆದಿರುವುದಕ್ಕೂ ವ್ಯತ್ಯಾಸವಿದೆ: ಮೊದಲನೆಯದರಲ್ಲಿ ಬೇರೆ ವಾಸನೆಯನ್ನು ಮುಚ್ಚಲು ಸುಗಂಧವನ್ನೇ ಬಳಸಿರಬಹುದು.

ಮತ್ತೊಂದು ಮಾತು. ಕೈಗೆ ಹಚ್ಚಿ ಐದು ನಿಮಿಷ ನೋಡುವುದನ್ನು ಪರೀಕ್ಷೆ ಎಂದು ಕರೆಯಬಾರದು. ಅಲರ್ಜಿಯಿಂದ ಬರುವ ಚರ್ಮದ ಉರಿಯೂತ ಸಾಮಾನ್ಯವಾಗಿ ಒಂದೆರಡು ದಿನ ತಡವಾಗಿ ಕಾಣಿಸಿಕೊಳ್ಳುತ್ತದೆ, ಅದೂ ಪದೇಪದೇ ತಾಗಿದ ಮೇಲೆ. ಮೊಣಕೈಯ ಒಳಭಾಗದಲ್ಲಿ ನಾಣ್ಯದಗಲ ಜಾಗಕ್ಕೆ ದಿನಕ್ಕೆ ಎರಡು ಸಲದಂತೆ 7ರಿಂದ 10 ದಿನ ಹಚ್ಚಿ ನೋಡಬೇಕೆಂದು ತಜ್ಞರು ಹೇಳುತ್ತಾರೆ. ತೊಳೆಯುವ ಮಾಸ್ಕ್ ಆದರೆ ಮುಖದ ಮೇಲೆ ಎಷ್ಟು ಹೊತ್ತು ಇಡುತ್ತೀರೋ ಅಷ್ಟೇ ಹೊತ್ತು ಅಲ್ಲಿಯೂ ಇಟ್ಟು ತೊಳೆಯಿರಿ. ಇದು ಬೇಸರದ ಕೆಲಸವೆಂಬುದು ನನಗೂ ಗೊತ್ತು.

ಬಿಳಿಹಾಳೆ ಬರೆದದ್ದು:

ಇಬ್ಬರಿಗೂ ಧನ್ಯವಾದಗಳು. ನನ್ನ ಕೆನ್ನೆ ಬಿಸಿಯೇರುವುದಿಲ್ಲ, ಕೆಂಪಾಗುವುದೂ ಇಲ್ಲ. ಮಣ್ಣಿನ ಮಾಸ್ಕ್ ಹಚ್ಚಿದಾಗ ಮಾತ್ರ ಉರಿಯುತ್ತದೆ. ಆದರೂ ನಿಧಾನಿಯವರು ಹೇಳಿದ ಪರೀಕ್ಷೆಯನ್ನು ಮಾಡುತ್ತೇನೆ. ಎರಡು ಮಾಸ್ಕ್‌ಗಳ ಉಪಾಯ ಸರಿಯೆನಿಸಿತು.

ಈಗ ಮನೆಯವರ ವಿಷಯ. ವೈದ್ಯರು ಮೊಡವೆಗೆಂದು ಬರೆದುಕೊಟ್ಟ ಅಡಾಪಲೀನ್ ಜೆಲ್ಲನ್ನು ತಮ್ಮ ರಾತ್ರಿ ಹಚ್ಚುತ್ತಾನೆ. ಅದರ ಜೊತೆಗೆ, ಒಣಗಿದ ಮೇಲೆ ಹಾಳೆಯಂತೆ ಎಳೆದು ಕೀಳುವ ಇದ್ದಿಲಿನ ಕಪ್ಪು ಮಾಸ್ಕ್ ಬೇಕೆಂದು ಹಟ ಹಿಡಿದಿದ್ದಾನೆ. ಕಲೆಗಳಿಗೆ ನಿಂಬೆರಸ ಹಚ್ಚುವ ಯೋಚನೆಯೂ ಅವನಿಗಿದೆ. ಅಮ್ಮನಿಗೆ ಕೊಲಾಜೆನ್ (ಚರ್ಮಕ್ಕೆ ಬಿಗಿ ಕೊಡುವ ಪ್ರೋಟೀನ್) ಇರುವ ಶೀಟ್ ಮಾಸ್ಕ್, ಅಂದರೆ ದ್ರವದಲ್ಲಿ ನೆನೆಸಿದ ಹಾಳೆಯ ಮಾಸ್ಕ್, ತರಿಸುವ ಮನಸ್ಸು. ಇವೆರಡರ ಬಗ್ಗೆ ಏನು ಹೇಳುತ್ತೀರಿ?

ಸಂಜೆಗೆಂಪು ಬರೆದ ಉತ್ತರ:

ಕೀಳುವ ಮಾಸ್ಕ್ ಬೇಡವೇ ಬೇಡ. ಅಂಥವುಗಳಲ್ಲಿ ಹೆಚ್ಚಿನವಕ್ಕೆ ಹಾಳೆಯ ರೂಪ ಕೊಡುವುದು ಪಾಲಿವಿನೈಲ್ ಆಲ್ಕೋಹಾಲ್ ಎಂಬ ಪಾಲಿಮರ್. ಅದು ಒಣಗಿ ಮೇಲಿನ ಕೋಶಗಳಿಗೂ ನವಿರಾದ ಕೂದಲಿಗೂ ಅಂಟಿಕೊಳ್ಳುತ್ತದೆ, ಎಳೆದಾಗ ಅವನ್ನೂ ಕಿತ್ತುಕೊಂಡು ಬರುತ್ತದೆ. ಅಡಾಪಲೀನ್ ಬಳಸುವವರ ಚರ್ಮ ಮೊದಲೇ ನಾಜೂಕಾಗಿರುವುದರಿಂದ ಸುಲಿದು ಗಾಯವಾಗುವ ಸಾಧ್ಯತೆ ಹೆಚ್ಚು. ತೀವ್ರ ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಮಾತ್ರೆ ತೆಗೆದುಕೊಳ್ಳುವವರಂತೂ ಇದರ ಹತ್ತಿರವೂ ಸುಳಿಯಬಾರದು. ಕಿತ್ತ ಹಾಳೆಯ ಮೇಲೆ ಕಾಣುವ ಸಣ್ಣ ಸಣ್ಣ ಮೊನೆಗಳನ್ನು ಬ್ಲ್ಯಾಕ್‌ಹೆಡ್ ಎಂದು ಸಂತೋಷಪಡುವವರಿದ್ದಾರೆ. ಅವುಗಳಲ್ಲಿ ಬಹುಪಾಲು ರಂಧ್ರದಲ್ಲಿ ಸಹಜವಾಗಿಯೇ ಇರುವ ಜಿಡ್ಡಿನ ಎಳೆಗಳು. ಕಿತ್ತರೂ ಕೆಲವೇ ವಾರಗಳಲ್ಲಿ ಮತ್ತೆ ತುಂಬಿಕೊಳ್ಳುತ್ತವೆ, ಏಕೆಂದರೆ ಅಲ್ಲಿ ಗ್ರಂಥಿ ಕೆಲಸ ಮಾಡುತ್ತಲೇ ಇರುತ್ತದೆ. ನಿಜವಾದ ಬ್ಲ್ಯಾಕ್‌ಹೆಡ್‌ನ ಕಪ್ಪು ಬಣ್ಣವೂ ಕೊಳೆಯದ್ದಲ್ಲ. ರಂಧ್ರದ ಬಾಯಿಯಲ್ಲಿ ಗಾಳಿಗೆ ತೆರೆದುಕೊಂಡ ವಸ್ತು ಉತ್ಕರ್ಷಣೆಗೊಂಡು ಹಾಗೆ ಕಾಣುತ್ತದೆ. ಆದ್ದರಿಂದ ಉಜ್ಜುವುದರಿಂದಲೂ ಅದು ಹೋಗುವುದಿಲ್ಲ. ಇನ್ನು ಮನೆಯಲ್ಲೇ ಅಂಟಿಗೆ ಇದ್ದಿಲು ಬೆರೆಸಿ ಇಂಥ ಮಾಸ್ಕ್ ಮಾಡುವ ವೀಡಿಯೊಗಳ ಬಗ್ಗೆ ಸಭ್ಯವಾಗಿ ಬರೆಯುವುದು ನನಗೆ ಕಷ್ಟ.

ನಿಂಬೆರಸದ ಪಿಎಚ್ ಸುಮಾರು 2ರಿಂದ 2.5, ಚರ್ಮದ ಮೇಲ್ಮೈಯದು ಸುಮಾರು 5. ಪಿಎಚ್ ಮಾಪನದಲ್ಲಿ ಪ್ರತಿ ಅಂಕಿಯ ವ್ಯತ್ಯಾಸವೂ ಹತ್ತು ಪಟ್ಟು ಆಮ್ಲೀಯತೆಯನ್ನು ಸೂಚಿಸುವುದರಿಂದ ಇದು ನೂರಾರು ಪಟ್ಟಿನ ಅಂತರ. ಸಾಲದೆಂಬಂತೆ ನಿಂಬೆಯ ಜಾತಿಯ ಹಣ್ಣುಗಳಲ್ಲಿ ಫ್ಯುರಾನೊಕೌಮರಿನ್ ಎಂಬ ವಸ್ತುಗಳಿವೆ. ಅವು ಚರ್ಮದ ಮೇಲಿರುವಾಗ ಬಿಸಿಲಿನ ಅತಿನೇರಳೆ ಕಿರಣ ಬಿದ್ದರೆ ಸುಟ್ಟಂತೆ ಬೊಬ್ಬೆಗಳೆದ್ದು, ಬಳಿಕ ತಿಂಗಳುಗಟ್ಟಲೆ ಉಳಿಯುವ ಕಂದು ಪಟ್ಟೆಗಳಾಗಬಹುದು. ಕಲೆ ಹೋಗಲೆಂದು ಹಚ್ಚಿದ ರಸವೇ ಹೊಸ ಕಲೆ ಮೂಡಿಸುತ್ತದೆ. ಅಡುಗೆ ಸೋಡಾ ಇದಕ್ಕೆ ತದ್ವಿರುದ್ಧವಾಗಿ ಕ್ಷಾರ. ಅದೂ ಮುಖಕ್ಕೆ ಸಲ್ಲದು.

ತಮ್ಮನ ಕಂದು ಕಲೆಗಳು ಮೊಡವೆಯ ಉರಿಯೂತ ಬಿಟ್ಟುಹೋದ ಬಣ್ಣ. ಕಂದು ಮತ್ತು ಕಪ್ಪು ಮೈಬಣ್ಣದವರಲ್ಲಿ ಇದು ಹೆಚ್ಚು, ಮತ್ತು ಹೊಸದಾಗಿ ಯಾವ ಕೆರಳಿಕೆಯಾದರೂ, ಅದು ಮಾಸ್ಕಿನಿಂದಲೇ ಆಗಿರಲಿ, ಕಲೆ ಇನ್ನಷ್ಟು ಗಾಢವಾಗುತ್ತದೆ. ಅವನಿಗೆ ಬೇಕಾದ ಔಷಧ ಈಗಾಗಲೇ ಅವನ ಕೈಯಲ್ಲಿದೆ. ಅಡಾಪಲೀನ್ ಫಲ ತೋರಲು ಎರಡು ಮೂರು ತಿಂಗಳು ಬೇಕು. ಹಗಲಿನಲ್ಲಿ ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನ್ ಹಚ್ಚದಿದ್ದರೆ ಯಾವ ಮಾಸ್ಕಿನಿಂದಲೂ ಕಲೆ ತಿಳಿಯಾಗದು. ನನ್ನನ್ನು ಕೇಳಿದರೆ, ಮಾಸ್ಕ್‌ಗೆ ಸುರಿಯುವ ಹಣವನ್ನೆಲ್ಲ ಸನ್‌ಸ್ಕ್ರೀನ್‌ಗೆ ಹಾಕುವುದೇ ಮೇಲು. ಮಾಸ್ಕ್ ಯಾರಿಗೂ ಅನಿವಾರ್ಯವಲ್ಲ.

ಅಳತೆಗೋಲು ಬರೆದ ಉತ್ತರ:

ಅನಿವಾರ್ಯವಲ್ಲ ಎಂಬುದನ್ನು ಒಪ್ಪುತ್ತೇನೆ, ನಿರುಪಯುಕ್ತ ಎಂಬ ಧ್ವನಿಯನ್ನು ಒಪ್ಪುವುದಿಲ್ಲ. ದಿನವಿಡೀ ಜಿಡ್ಡಿನಿಂದ ಬೇಸತ್ತವರಿಗೆ ವಾರಕ್ಕೊಮ್ಮೆಯ ಕೇಯೋಲಿನ್ ಕೊಡುವ ಹಗುರ ಕೆಲವು ಗಂಟೆಗಳದ್ದೇ ಆದರೂ ಸುಳ್ಳಲ್ಲ. ತಮ್ಮನಿಗೆ ಮಾಸ್ಕ್ ಬೇಕೇಬೇಕೆಂದಿದ್ದರೆ ಚರ್ಮ ಸುಲಿಯದಿರುವ, ಉರಿಯದಿರುವ ದಿನಗಳಲ್ಲಿ ಸೌಮ್ಯವಾದ ಮಣ್ಣಿನದನ್ನು ಜಿಡ್ಡಿರುವ ಜಾಗಕ್ಕಷ್ಟೇ ಹಚ್ಚಲಿ, ಆ ರಾತ್ರಿ ಅಡಾಪಲೀನ್ ಬಿಡಲಿ. ಸ್ಯಾಲಿಸಿಲಿಕ್ ಆಮ್ಲ ಜಿಡ್ಡಿನಲ್ಲಿ ಕರಗುವುದರಿಂದ ರಂಧ್ರಗಳ ಒಳಕ್ಕೆ ಇಳಿಯಬಲ್ಲದು, ಮೊಡವೆಯ ಚರ್ಮಕ್ಕೆ ಶೇಕಡಾ 0.5ರಿಂದ 2ರಷ್ಟು ಪ್ರಮಾಣದಲ್ಲಿ ಒಗ್ಗುತ್ತದೆ. ಆದರೆ ಅಡಾಪಲೀನ್ ಜೊತೆಗೆ ಅದನ್ನು ಸೇರಿಸುವ ಮೊದಲು ಔಷಧ ಬರೆದುಕೊಟ್ಟ ವೈದ್ಯರನ್ನೇ ಕೇಳುವುದು ಒಳ್ಳೆಯದು. ಗ್ಲೈಕಾಲಿಕ್ ಆಮ್ಲದಂಥವು ಮೇಲಿನ ಸತ್ತ ಕೋಶಗಳನ್ನು ಸಡಿಲಿಸಿ ಮಂಕು ಬಣ್ಣವನ್ನು ತುಸು ತಿಳಿಗೊಳಿಸುತ್ತವೆ, ಜೊತೆಗೆ ಚರ್ಮವನ್ನು ಬಿಸಿಲಿಗೆ ಹೆಚ್ಚು ಸೂಕ್ಷ್ಮವಾಗಿಸುತ್ತವೆ. ಅದಕ್ಕಾಗಿಯೇ ಬಳಸುವ ಅವಧಿಯಲ್ಲೂ ನಿಲ್ಲಿಸಿದ ಮೇಲೆ ಒಂದು ವಾರವೂ ಬಿಸಿಲಿನಿಂದ ಕಾಪಾಡಿಕೊಳ್ಳಬೇಕೆಂದು ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಸೂಚಿಸುತ್ತದೆ. ಸನ್‌ಸ್ಕ್ರೀನ್ ವಿಷಯದಲ್ಲಿ ಸಂಜೆಗೆಂಪು ಅವರ ಮಾತಿಗೆ ಎದುರಾಡಲು ಏನೂ ಇಲ್ಲ.

ಇನ್ನು ಅಮ್ಮನವರ ಕೊಲಾಜೆನ್. ಕೊಲಾಜೆನ್ ಅಣುವಿನ ತೂಕ ಸುಮಾರು 3 ಲಕ್ಷ ಡಾಲ್ಟನ್. ನಾನು ಮೇಲೆ ಹೇಳಿದ 500ರ ಗಡಿಯ ಪಕ್ಕದಲ್ಲಿಟ್ಟು ನೋಡಿದರೆ ಅದು ಒಳಗಿಳಿದು ಚರ್ಮದ ಕೊಲಾಜೆನ್ ಆಗುವ ಮಾತೇ ಇಲ್ಲ. ತುಂಡರಿಸಿದ ಚಿಕ್ಕ ರೂಪಗಳನ್ನು ಹಾಕಿದ್ದರೂ ಅವು ಮೇಲ್ಮೈಯಲ್ಲಿ ತೇವವನ್ನು ಹಿಡಿಯುತ್ತವೆ, ಅಷ್ಟೇ. ಅದಕ್ಕಾಗಿ ಶೀಟ್ ಮಾಸ್ಕೇ ವ್ಯರ್ಥವೆಂದು ಭಾವಿಸಬೇಡಿ. ಒದ್ದೆಯಾದ ಹಾಳೆ ಮುಖವನ್ನು ಮುಚ್ಚಿಕೊಂಡಿರುವಷ್ಟು ಹೊತ್ತು ಆವಿಯಾಗುವಿಕೆ ತಡೆದು ಮೇಲಿನ ಪದರ ನೀರುಂಡು ಉಬ್ಬುತ್ತದೆ, ಒಣಗಿದ್ದರಿಂದ ಕಾಣುತ್ತಿದ್ದ ನವಿರು ಗೆರೆಗಳು ತಾತ್ಕಾಲಿಕವಾಗಿ ಮಾಸುತ್ತವೆ. ಮದುವೆಗೋ ಸಮಾರಂಭಕ್ಕೋ ಹೊರಡುವ ಮುನ್ನ ಅದು ಸಾಕಾದೀತು. ಗ್ಲಿಸರಿನ್ ಇರುವ, ಸುಗಂಧವಿಲ್ಲದ ಸಾದಾ ಶೀಟ್ ಮಾಸ್ಕ್ ಕೂಡ ಇದನ್ನೇ ಮಾಡುತ್ತದೆ. 15 ನಿಮಿಷ, ಹೆಚ್ಚೆಂದರೆ 20. ಹಾಳೆ ಮುಖದ ಮೇಲೆಯೇ ಆರುವಷ್ಟು ಹೊತ್ತು ಬಿಡುವುದು ಬೇಡ, ಹಾಕಿಕೊಂಡು ಮಲಗುವುದಂತೂ ಬೇಡ.

ಆದರೆ ಅವರ ತೊಂದರೆ ಆ ಹದಿನೈದು ನಿಮಿಷದಲ್ಲಿ ತೀರುವಂಥದ್ದಲ್ಲ. ಮುಟ್ಟು ನಿಂತ ಮೇಲೆ ಹಾರ್ಮೋನುಗಳ ಇಳಿತದಿಂದ ಜಿಡ್ಡು ಕಡಿಮೆಯಾಗುತ್ತದೆ, ಚರ್ಮ ತೆಳುವಾಗುತ್ತದೆ, ನೀರು ಹಿಡಿದಿಡುವ ಶಕ್ತಿಯೂ ಕುಂದುತ್ತದೆ. ಹಾಗಾಗಿ ಅವರಿಗೆ ನಾನು ಸೂಚಿಸುವುದು ರಾತ್ರಿ ಹಚ್ಚಿ ಬೆಳಗ್ಗೆ ತೊಳೆಯುವ ಸ್ಲೀಪಿಂಗ್ ಮಾಸ್ಕ್. ಹೆಸರು ಹೊಸದಾದರೂ ಅದು ದಪ್ಪನೆಯ ಮಾಯಿಶ್ಚರೈಸರ್‌ಗಿಂತ ಹೆಚ್ಚೇನೂ ಅಲ್ಲ. ಸೆರಮೈಡ್ ಇರುವ ಕ್ರೀಮನ್ನು ಒದ್ದೆ ಮುಖಕ್ಕೆ ಹಚ್ಚಿ, ಮೇಲೆ ಪೆಟ್ರೋಲಿಯಂ ಜೆಲ್ಲಿಯನ್ನು ತೀರ ತೆಳುವಾಗಿ ಸವರಿದರೂ ಅದೇ ಫಲ ದೊರೆಯುತ್ತದೆ; ಚರ್ಮದಿಂದ ನೀರು ಆರುವುದನ್ನು ಪೆಟ್ರೋಲಿಯಂ ಜೆಲ್ಲಿಯಷ್ಟು ಬಲವಾಗಿ ತಡೆಯುವ ವಸ್ತುಗಳು ವಿರಳ. ಇದನ್ನು ಮೊಡವೆಯಿರುವ ತಮ್ಮನ ಮುಖಕ್ಕೂ ನಿಮ್ಮ ಹಣೆಗೂ ಹಚ್ಚಬೇಡಿ, ಅಮ್ಮನವರಿಗೆ ಮಾತ್ರ.

ನಿಧಾನಿ ಬರೆದದ್ದು:

ಅಮ್ಮನವರ ಮುಖದ ಒಣಗುವಿಕೆಯ ಜೊತೆಗೆ ಮೈಯೆಲ್ಲ ತುರಿಕೆ, ದಣಿವು, ಚಳಿ ತಡೆಯಲಾಗದಿರುವುದು ಇವೂ ಇದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಒಣಚರ್ಮ ಅದರ ಲಕ್ಷಣವೂ ಆಗಿರಬಹುದು.

ಬಿಳಿಹಾಳೆ ಬರೆದದ್ದು:

ತಮ್ಮನಿಗೆ ಎಲ್ಲವನ್ನೂ ಓದಿ ಹೇಳಿದೆ. ನಿಂಬೆರಸದ ಯೋಚನೆಯನ್ನು ಬಿಟ್ಟಿದ್ದಾನೆ, ಕಪ್ಪು ಮಾಸ್ಕಿನ ಬಗ್ಗೆ ಇನ್ನೂ ಗೊಣಗುತ್ತಿದ್ದಾನೆ. ಅಮ್ಮನಿಗೆ ದಣಿವಿದೆ, ಪರೀಕ್ಷೆ ಮಾಡಿಸುತ್ತೇವೆ. ಕೊನೆಯದಾಗಿ ಒಂದೇ ಪ್ರಶ್ನೆ: ಶೀಟ್ ಮಾಸ್ಕ್ ತೆಗೆದ ಮೇಲೆ ಪೊಟ್ಟಣದಲ್ಲಿ ದ್ರವ ಬಹಳಷ್ಟು ಉಳಿಯುತ್ತದೆ. ಅದನ್ನು ಫ್ರಿಜ್‌ನಲ್ಲಿಟ್ಟು ಮಾರನೆಯ ದಿನ ಬಳಸಬಹುದೇ?

ಅಳತೆಗೋಲು ಬರೆದ ಉತ್ತರ:

ಬೇಡ. ಪೊಟ್ಟಣವನ್ನು ಒಂದೇ ಸಲದ ಬಳಕೆಗೆಂದು ರೂಪಿಸಿರುತ್ತಾರೆ. ಬೆರಳು ತಾಗಿದ ಮೇಲೆ ಸೂಕ್ಷ್ಮಜೀವಿಗಳು ಸೇರುತ್ತವೆ, ಫ್ರಿಜ್‌ನ ತಂಪು ಅವುಗಳ ಬೆಳವಣಿಗೆಯನ್ನು ನಿಧಾನಗೊಳಿಸುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಉಳಿದದ್ದನ್ನು ಆಗಲೇ ಕುತ್ತಿಗೆಗೂ ಕೈಗಳಿಗೂ ಸವರಿ, ಹಾಳೆಯನ್ನು ಕಸದ ಬುಟ್ಟಿಗೆ ಹಾಕಿ. ಟಾಯ್ಲೆಟ್ಟಿನೊಳಗೆ ಹಾಕಬೇಡಿ, ಆ ಬಟ್ಟೆ ನೀರಿನಲ್ಲಿ ಕರಗುವುದಿಲ್ಲ.